ಪಾಡ್ಯದ ಉಲ್ಟಾ ಅಕ್ಷರ

"ತಲಿ ಹಿಡೀರಿ ಕಾಕಾ, ತಲಿ. ಎಡಕ್ಕ ವಾಲಾಕತ್ತದ," ಎಂದು ಬಸವಪ್ರಭು ಹೇಳುತ್ತಿದ್ದ. ಅವನ ತಂಗಿ ರಂಜನಾ ಸ್ಟೂಲಿನ ಮೇಲೆ ನಿಂತು, ಅಪ್ಪನ ನೆತ್ತಿಯ ಮೇಲೆ ಗೋಡೆಯಿಂದ ಗೋಡೆಗೆ ಬಿಗಿದಿದ್ದ ಹಗ್ಗದಿಂದ ಹಸಿ ಹಾಳೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಬಟ್ಟೆಗೆ ಹಾಕುವ ಕ್ಲಿಪ್ಪುಗಳು ಟಪ್ಪಟಪ್ಪೆಂದು ಕೆಳಗೆ ಉದುರುತ್ತಿದ್ದವು. ಒಂದು ಹೋಗಿ ಅಪ್ಪನ ಮಡಿಲಲ್ಲೇ ಬಿತ್ತು. ಯಾರೂ ಎತ್ತಲಿಲ್ಲ.

ಲಿಂಗವಂತರ ಮನೆಯಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಮೈ ತೊಳೆದು, ವಿಭೂತಿ ಬಳಿದು, ಕಾಲು ಮಡಚಿ, ಗೋಡೆಗೆ ಆನಿಸಿ ಕೂಡಿಸಿದರೆ, ನೋಡಿದವರಿಗೆ ಪೂಜೆಗೆ ಕೂತವರಂತೆ ಕಾಣಬೇಕು. ಅವರ ಅಪ್ಪ ಶಿವಪುತ್ರಪ್ಪ ಎಪ್ಪತ್ತೇಳು ವರ್ಷ ಬದುಕಿದ್ದರೂ ಒಂದು ಕಡೆ ನೆಟ್ಟಗೆ ಕೂತವರಲ್ಲ. ಈಗ ಕೂಡಿಸಿದರೆ ಈಗಲೂ ವಾಲುತ್ತಿದ್ದರು.

"ಏನವಾ ಇದು, ಹೊಸಾ ಧೋತರ," ಎಂದರು ಅಂಬಣ್ಣ ಕಾಕಾ. ಅಪ್ಪನ ಚಿಕ್ಕಪ್ಪನ ಮಗ. ಊರು ಗದಗದ ಕಡೆ, ಔಷಧಕ್ಕೆಂದು ಪುಣೆಗೆ ಬಂದು ಬಸವಪ್ರಭುವಿನ ವಾಕಡದ ಮನೆಯಲ್ಲಿ ವಾರದಿಂದ ಇದ್ದವರು. ಅವರ ಬಿಳಿ ಧೋತರದ ಮೊಣಕಾಲಿನಲ್ಲಿ ಕಪ್ಪು ಏಣಿಯೊಂದು ಮೂಡಿತ್ತು. "ಮಣ್ಣಿಗೆ ಬಂದು ಹೋಳಿ ಆಡಿದಂಗಾತು."

"ಎಣ್ಣಿ ಶಾಯಿ ಅದು. ಎರಡ ದಿನ ಆರಂಗಿಲ್ಲ. ಹಾಳಿಗೆ ತಾಗಬ್ಯಾಡ್ರಿ ಅಂತ ಮೂರು ಸಲ ಹೇಳೇನಿ ಕಾಕಾ," ಎಂದಳು ರಂಜನಾ.

"ಹೇಳೀದಿ ಖರೆ. ಸಾಯೂ ದಿನಾನೂ ಹಾಳಿ ಒಣಗಸ್ತಾನಂತ ನನಗೇನ್ ಗೊತ್ತು?"

ರಂಜನಾಳಿಗೂ ಅದೇ ಸಿಟ್ಟು. ದೀಪಾವಳಿಗೆ ಮೂರು ದಿನ. ಅಪ್ಪ ಎಂದಿನಂತೆ ಬೆಳಗಿನ ಐದಕ್ಕೆ ಎದ್ದು, ಅಡುಗೆಮನೆಯ ಕಟ್ಟೆಯ ಮೇಲೆ ಅಚ್ಚಿನ ಹಲಗೆ ಇಟ್ಟುಕೊಂಡು, ಹನ್ನೊಂದು ಕಚ್ಚಾ ಪ್ರತಿ ಒತ್ತಿ, ಹನ್ನೆರಡನೆಯದಕ್ಕೆ ರೋಲರಿನಲ್ಲಿ ಶಾಯಿ ಸವರುವಾಗ ಕುಸಿದಿದ್ದರು. ಹಬ್ಬಕ್ಕೆ ಮನೆಗೊಂದು ಹಾಳೆ ಹಂಚಬೇಕು, ಸೊಸೈಟಿಯಲ್ಲಿ ಅರವತ್ನಾಲ್ಕು ಮನೆ. ಒಂದು ಕೆಲಸವನ್ನಾದರೂ ಪೂರ್ತಿ ಮುಗಿಸಿದ ಮನುಷ್ಯನೇ? ಬಿಟ್ಟುಹೋದ ಕೆಲಸವೆಲ್ಲ ಕಡೆಗೆ ಬಂದು ಬೀಳುವುದು ಅವಳ ತಲೆಯ ಮೇಲೆ.

ಅಂಬಣ್ಣ ಕಾಕಾ ಒಂದು ಹಾಳೆಯನ್ನು ಅಂಚು ಹಿಡಿದು ಕಣ್ಣ ಹತ್ತಿರ ತಂದರು. ಉದ್ದಕ್ಕೂ ಖಾಲಿ ಗೋಡೆ, ಅದಕ್ಕೆ ಆನಿಸಿದ ಏಣಿ, ಕೆಳಗೊಂದು ಬಣ್ಣದ ಬಕೀಟು. ಮೇಲೆ ದೇವನಾಗರಿಯಲ್ಲಿ ಒಂದೇ ಪದ. ಅದನ್ನವರು ಕೂಡಿಸಿ ಓದಿದರು. "ಕು... ಣಿ. ಕುಣಿ." ಮುಖದ ಬಣ್ಣ ಇಳಿಯಿತು. "ಯಪ್ಪಾ. ತನ್ನ ಕುಣಿ ತಾನ ಬರದಿಟ್ಟು ಹೋಗ್ಯಾನಲ್ಲೋ. ಗೊತ್ತಾಗಿತ್ತವಂಗ."

ವಿಭೂತಿ ಹಚ್ಚುತ್ತಿದ್ದ ಅಯ್ಯನವರ ಕೈ ನಿಂತಿತು.

"ಕಾಕಾ, ಅದು ಮರಾಠಿ," ಎಂದಳು ರಂಜನಾ ಸ್ಟೂಲಿನಿಂದಲೇ. "ಕುಣಿ ಅಂದ್ರ ತೆಗ್ಗಲ್ಲ. ಯಾರು ಮಾಡಿದ್ದು ಅಂತ ಕೇಳೂ ಪ್ರಶ್ನೆ ಅದು."

"ಏನ್ ಮಾಡಿದ್ದು?"

ಅವಳು ಕ್ಲಿಪ್ಪು ಆರಿಸುವವಳಂತೆ ಕೆಳಗಿಳಿದಳು.

*

ಒಂದು ಕಚೇರಿಯಲ್ಲಿ ಒಂದು ನೆಲ ಇತ್ತಂತೆ. ಕತೆ ಅಲ್ಲಿಂದ ಶುರುವಾಗುತ್ತದೆ. ಶಿವಪುತ್ರಪ್ಪ ಗುಮಾಸ್ತರಾಗಿದ್ದ ಕಚೇರಿಗೆ ಹೊಸ ಫರಸಿ ಹಾಕಿಸುವಾಗ, ಇಂಗ್ಲಿಷರ ಕಾಲದ ಲಿನೋಲಿಯಂ ಹಾಸನ್ನು ಕಿತ್ತು ಹಿತ್ತಲಿಗೆ ಎಸೆದರು. ಎಲ್ಲರ ಕಣ್ಣಿಗೂ ಅದು ಕಸ. ಇವರು ಮಾತ್ರ ಸುರುಳಿ ಸುತ್ತಿ, ಸಾಯಕಲ್ಲಿಗೆ ಕಟ್ಟಿ, ಕಾತ್ರಜದ ಮನೆಗೆ ಹೊತ್ತು ತಂದರು. ಹಸಿ ಕೊಬ್ಬರಿಯಂತೆ ಮೆತ್ತಗಿದ್ದ ಆ ಹಾಸಿನಲ್ಲಿ ಆ ವರ್ಷ ದೀಪಾವಳಿ ರಜೆಯಲ್ಲಿ ಒಂದು ಹಣತೆ ಕೆತ್ತಿದರು. ಕೆಳಗೆ ಚಂದದ ಅಕ್ಷರದಲ್ಲಿ ಹಬ್ಬದ ಶುಭಾಶಯ. ಶಾಯಿ ಹಚ್ಚಿ, ಸ್ಟೀಲ್ ಚಮಚದ ಬೆನ್ನಿನಿಂದ ತಿಕ್ಕಿ, ಅರವತ್ನಾಲ್ಕು ಹಾಳೆ ಒತ್ತಿ, ಪಾಡ್ಯದ ಬೆಳಿಗ್ಗೆ ಮನೆಮನೆಗೆ ಹಂಚಿದರು.

ಒಂದು ಮನೆಯಲ್ಲೂ ಅದನ್ನು ಓದಲಾಗಲಿಲ್ಲ. ಅಚ್ಚಿನಲ್ಲಿ ಅಕ್ಷರವನ್ನು ಉಲ್ಟಾ ಕೆತ್ತಬೇಕು, ಆಗ ಹಾಳೆಯಲ್ಲಿ ನೆಟ್ಟಗೆ, ಸುಲ್ಟಾ ಬರುತ್ತದೆ ಎನ್ನುವುದೇ ಅವರಿಗೆ ಹೊಳೆದಿರಲಿಲ್ಲ. ಅರವತ್ನಾಲ್ಕು ಸಂಸಾರಗಳು ಅಭ್ಯಂಗ ಮುಗಿಸಿ, ಒದ್ದೆ ತಲೆಯಲ್ಲಿ, ಕನ್ನಡಿಯ ಮುಂದೆ ಹಾಳೆ ಹಿಡಿದು ನಿಂತವು. ಸೊಸೈಟಿಯೆಲ್ಲ ನಕ್ಕಿತು. ಎದುರು ಮನೆಯ ಸಾಠೆಯಂತೂ ಮೆಟ್ಟಿಲ ಮೇಲೆ ಕೂತು ಕಣ್ಣೀರು ಬರುವಷ್ಟು ನಕ್ಕರು.

ಮರುವರ್ಷ ಎಲ್ಲ ಸರಿಯಾಗಿ ಕೆತ್ತಿದರೆ ಜನಕ್ಕೆ ರುಚಿಸಲಿಲ್ಲ. ಉಲ್ಟಾ ಎಲ್ಲಿ, ಉಲ್ಟಾ ಇಲ್ಲದೆ ಎಂಥ ಪಾಡ್ಯ ಎಂದು ಕೇಳಿದರು. ಅಂದಿನಿಂದ ಪ್ರತಿ ಅಚ್ಚಿನಲ್ಲೂ ಒಂದೇ ಒಂದು ಪದ ಬೇಕೆಂದೇ ಉಲ್ಟಾ. ಅದನ್ನು ಹುಡುಕಿ ಕನ್ನಡಿಯಲ್ಲಿ ಓದುವುದೇ ಹಬ್ಬದ ಮೊದಲ ಕೆಲಸ. ಮನೆಯವರೂ ಬಾಯಿ ಬಿಡದಂತೆ ಆ ಪದವನ್ನು ಅಪ್ಪ ಕಟ್ಟಕಡೆಗೆ ಕೆತ್ತುತ್ತಿದ್ದರು.

ಮೇ ತಿಂಗಳ ರಜೆ ಬಂದರೆ ಆ ವರ್ಷದ ಅಚ್ಚು ದೊಡ್ಡದಾಗಿ ಕಂಪೌಂಡ್ ಗೋಡೆಗೆ ಏರುತ್ತಿತ್ತು. ಅಪ್ಪ ಇದ್ದಿಲಿನಲ್ಲಿ ಗೆರೆ ಎಳೆದರೆ ಬಣ್ಣ ತುಂಬುವುದು ಸೊಸೈಟಿಯ ಜನ. ಅತ್ತೆ ಸೊಸೆ ಜಗಳವಾಡಿ ಒಂದೇ ನವಿಲಿಗೆ ಎರಡು ನೀಲಿ ಬಳಿದದ್ದೂ ಉಂಟು. ಗೇಟಿನಿಂದ ನೀರಿನ ಟಾಕಿಯವರೆಗೆ ಇಪ್ಪತ್ತೆರಡು ಚಿತ್ರ. ಇಪ್ಪತ್ತೆರಡು ರಜೆಯಲ್ಲಿ ಒಂದು ರಜೆಗೂ ರಂಜನಾಳನ್ನು ಅವರು ಸಿಂಹಗಡಕ್ಕೆ ಸಹ ಕರೆದುಕೊಂಡು ಹೋಗಲಿಲ್ಲ. ಅವಳ ಉಗುರಿನ ಸಂದಿಯ ಬಣ್ಣ ಶಾಲೆ ಶುರುವಾಗುವವರೆಗೂ ಹೋಗುತ್ತಿರಲಿಲ್ಲ.

ಹೋದ ವರ್ಷ ಆ ಗೋಡೆಗೆ ಬಿಳಿ ಬಣ್ಣ ಬಂತು.

*

ಹನ್ನೊಂದಕ್ಕೆ ಶವವಾಹನ ಬಂತು. ಬಂದು ಪ್ರಯೋಜನವಾಗಲಿಲ್ಲ. ಅದರೊಳಗೆ ಆರಡಿ ಉದ್ದದ ಒಂದು ಸ್ಟೀಲ್ ಹಲಗೆ. ಅದರ ಮೇಲೆ ಎರಡಡಿ ಜಾಗ.

"ಝೋಪವಾ ನಾ," ಎಂದ ಡ್ರೈವರ್. ಮಲಗಿಸಿ ಎನ್ನುವುದು ಅವನ ಸಲಹೆ.

"ಅವರು ಕೂತಾರ್ರಿ," ಎಂದ ಬಸವಪ್ರಭು. ಆಮೇಲೆ ನೆನಪಾಗಿ ಮರಾಠಿಯಲ್ಲಿ ಅದನ್ನೇ ಹೇಳಿದ. ಡ್ರೈವರ್ ಅವನ ಮುಖವನ್ನೊಮ್ಮೆ, ಒಳಗೆ ಕೂತವರ ಮುಖವನ್ನೊಮ್ಮೆ ನೋಡಿ, ಗಾಡಿ ಹಿಂದಕ್ಕೆ ತೆಗೆದುಕೊಂಡ. ಈಗ ಟೆಂಪೋ ಹುಡುಕಬೇಕು. ದೀಪಾವಳಿ ಮುಂದಿಟ್ಟುಕೊಂಡು ಪುಣೆಯ ಟೆಂಪೋಗಳೆಲ್ಲ ಚೆಂಡು ಹೂವಿನ ಹಿಂದೆ.

ಗೇಟಿಗೆ ಆಗಲೇ ಯಾರೋ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿಸಿದ್ದರು. ಮುಂದಿನ ಚುನಾವಣೆಗೆ ನಿಲ್ಲುವವರ ಕೈಮುಗಿದ ಫೋಟೋ ಆಳೆತ್ತರ. ಅಪ್ಪನದು ಆಧಾರ್ ಕಾರ್ಡಿನಿಂದ ತೆಗೆದದ್ದು, ಅಂಗೈಯಗಲ. ಹೆಸರು 'ಶಿವಪುತ್ರ ಆಪ್ಪಾ' ಎಂದಾಗಿತ್ತು. ಒಂದು ಕಾನಾ, ದೀರ್ಘದ ಒಂದು ಗೀಟು ತಪ್ಪಿದರೂ ಹಲಗೆ ಎಸೆದು ಹೊಸದು ಕೆತ್ತುತ್ತಿದ್ದ ಮನುಷ್ಯನಿಗೆ ಕಡೆಗೆ ಸಿಕ್ಕ ಹೆಸರು ಇದು. ರಂಜನಾ ನೋಡಿ, ನಗಬೇಕೋ ಹರಿಯಬೇಕೋ ತಿಳಿಯದೆ ಒಳಗೆ ಬಂದಳು.

ಒಳಗೆ ಹರಿಣಾಕ್ಷಿ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದರು. ಕೆಳಗಿನ ಮನೆಯವರು, ಗಂಡ ಸುಬ್ಬಯ್ಯ ಕುಂದಾಪುರದಿಂದ ಬಂದು ಹೈವೇ ಬದಿಗೆ ಹೋಟೆಲು ಇಟ್ಟವರು. ಮಣ್ಣಾಗುವವರೆಗೆ ಈ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ.

"ಕುಡಿ ಮಾರಾಯ್ತಿ. ನೀನು ಬಿದ್ರೆ ನಿನ್ನನ್ನೂ ಕೂರಿಸ್ಬೇಕಾದೀತು," ಎಂದರು. ಮತ್ತೆ ಹಾಳೆಗಳ ಕಡೆ ತಿರುಗಿ, "ಈ ಸಲದ ಉಲ್ಟಾ ಎಲ್ಲಿ? ಇಲ್ಲಿ ಬರೀ ಕಪ್ಪು ಪಟ್ಟಿ ಉಂಟಲ್ಲ," ಎಂದರು.

ಏಣಿಯ ಬುಡದಲ್ಲಿ ಬೆರಳುದ್ದದ ಕಪ್ಪು ಪಟ್ಟಿ. ಕೆತ್ತದೆ ಉಳಿದ ಜಾಗ.

"ಕೆತ್ತೇ ಇಲ್ಲ ಅಕ್ಕಾ."

"ಕೆತ್ತಿದ್ರೆ ಎಂತ ಇರ್ತಿತ್ತು ಅಂತ ಕೂಸಿಗೂ ಗೊತ್ತುಂಟು. ಯಾರು ಅಂತ ಮೇಲೆ ಕೇಳಿದ್ದಾರೆ. ಕೆಳಗೆ ಸಾಠೆ. ಮತ್ತೆ ಯಾರು? ಛೇರ್ಮನ್ ಆದದ್ದೇ ಸೈ, ಸ್ವಚ್ಛತೆ ಸ್ಪರ್ಧೆ ಅಂತ ಇಡೀ ಗೋಡೆಗೆ ಸುಣ್ಣ ಹೊಡೆಸಿದ."

"ಅವರು ಇವರನ್ನ ಕೊಂದ್ರು," ಎಂದರು ಬಸವಣ್ಣೆವ್ವ.

ಬೆಳಗಿನಿಂದ ಅವ್ವ ಆಡಿದ ಮೊದಲ ಮಾತು ಅದು. ಅಪ್ಪನ ಪಕ್ಕಕ್ಕೆ ಕೂತು, ವಾಲಿದಾಗಲೆಲ್ಲ ಭುಜಕ್ಕೆ ಕೈ ಕೊಡುತ್ತಿದ್ದರು. "ಕಣ್ಣಿನ ಆಪರೇಶನ್ ಆಗಿ ಬಂದು ನೋಡ್ತಾರ, ಗ್ವಾಡಿ ಬೆಳ್ಳಗ. ಪಟ್ಟಿ ಬಿಚ್ಚಿದ ಕಣ್ಣಿಗೆ ಅದ ಮೊದಲ ಕಂಡಿದ್ದು. ಡಾಕ್ಟರ್ ಸರಿ ಮಾಡಿಲ್ಲ, ಕಣ್ಣು ಹ್ವಾದುವು ಅಂತ ತಿಳಕೊಂಡು ಅಲ್ಲೇ ಕುಂತುಬಿಟ್ರು."

ಆ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಸಾಠೆ ನಿಂತಿದ್ದರು. ಕೈಯಲ್ಲಿ ಚೆಂಡು ಹೂವಿನ ಹಾರ, ಎಪ್ಪತ್ತು ದಾಟಿದ ಸೊಟ್ಟ ಬೆನ್ನು. ಎದುರು ಮನೆಯಿಂದ ಈ ಬಾಗಿಲಿಗೆ ಆರು ಹೆಜ್ಜೆ. ಒಂದು ವರ್ಷದಿಂದ ಅವರು ಆ ಆರು ಹೆಜ್ಜೆ ದಾಟಿರಲಿಲ್ಲ. ಹೋದ ಪಾಡ್ಯಕ್ಕೆ ಅರವತ್ಮೂರು ಮನೆಗೆ ಅಚ್ಚು ಹೋಗಿತ್ತು.

"ವಹಿನಿ," ಎಂದರು ಅವ್ವನಿಗೆ, ಅತ್ತಿಗೆ ಎಂದು ಕರೆಯುವ ಹಳೆಯ ರೂಢಿಯಲ್ಲಿ. ನಲವತ್ತು ವರ್ಷದ ನೆರೆಯಲ್ಲಿ ಕಲಿತ ಕನ್ನಡದಲ್ಲೇ ಮುಂದುವರಿಸಿದರು. "ಒಂದ್ ಹಾರ. ಹಾಕಿ ಹೋಗ್ತೀನಿ."

"ಬ್ಯಾಡ್ರಿ."

"ವಹಿನಿ..."

"ಹಾರಾನೂ ಬ್ಯಾಡ, ಹೆಗಲೂ ಬ್ಯಾಡ. ನಿಮ್ಮ ಕೈಯಿಂದ ಒಂದ್ ಹಿಡಿ ಮಣ್ಣೂ ಅವರ ಮ್ಯಾಲ ಬೀಳಬಾರ್ದು. ಹೋಗ್ರಿ."

ಸಾಠೆ ರಂಜನಾಳನ್ನು ನೋಡಲಿಲ್ಲ. ಅದೇ ಅವಳಿಗೆ ತಡೆಯಲಾಗದ್ದು. ಒಮ್ಮೆ ನೋಡಿ ಹುಬ್ಬು ಹಾರಿಸಿದ್ದರೂ ಸಾಕಿತ್ತು. ಅವರು ಚಪ್ಪಲಿ ಹುಡುಕಿ, ಎಡಬಲ ತಪ್ಪಿ ಮೆಟ್ಟಿ, ಹಾರ ಹಿಡಿದುಕೊಂಡೇ ಮೆಟ್ಟಿಲು ಇಳಿದುಹೋದರು.

*

ಏಣಿಯಿಂದ ಅಪ್ಪ ಎರಡು ಸಲ ಬಿದ್ದಿದ್ದರು. ಮೊದಲ ಸಲ ಮಣಿಕಟ್ಟು. ಎರಡನೆಯ ಸಲ ಮಗರಪಟ್ಟಾದ ಆಫೀಸಿನಲ್ಲಿ ಮೀಟಿಂಗ್ ಬಿಟ್ಟು ರಂಜನಾ ಓಡಿಬಂದಾಗ, ಹಣೆಗೆ ಹೊಲಿಗೆ ಹಾಕಿಸಿಕೊಂಡು ಆಸ್ಪತ್ರೆಯ ಮಂಚದ ಮೇಲೆ ಕೂತು, ನರ್ಸಿಗೆ ಆನೆಯ ಕಿವಿಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಕೇಳುತ್ತಿದ್ದರು. ಬೈದಳು, ಅತ್ತಳು, ಏಣಿ ಅಡಗಿಸಿಟ್ಟಳು. ಅವರು ನೀರಿನ ಟಾಕಿಯವನ ಏಣಿ ಕಡ ತಂದರು.

ಕಣ್ಣಿನ ಆಪರೇಶನ್ನಿಗೆ ಅಪ್ಪ ಅವಳ ಮನೆಯಲ್ಲಿ ಇಪ್ಪತ್ತು ದಿನ ಇದ್ದಾಗ ಸಾಠೆ ಅವಳಿಗೆ ಫೋನ್ ಮಾಡಿದ್ದರು. ಕಮಿಟಿಯವರು ಗೋಡೆ ಬಳಿಸೋಣ ಎನ್ನುತ್ತಿದ್ದಾರೆ, ಚಿತ್ರ ಬರೆದವರ ಒಪ್ಪಿಗೆ ಬೇಕು, ಶಿವಪುತ್ರಪ್ಪ ಬೇಡ ಎನ್ನುತ್ತಾರೆಂದು ನನಗೆ ಗೊತ್ತು, ಬೇಡ ಎಂದರೆ ನಾನು ತಡೆದೇನು, ಎಂದಿದ್ದರು.

ಗೋಡೆ ಇದ್ದರೆ ಏಣಿ. ಏಣಿ ಇದ್ದರೆ ಮೂರನೆಯ ಸಲ. ರಂಜನಾ ಹೆಚ್ಚು ಯೋಚಿಸಲಿಲ್ಲ. 'ನಮ್ಮ ಹರಕತ್ತು ಇಲ್ಲ, ಬಳಿಸಬಹುದು' ಎಂದು ಅಪ್ಪನ ಪರವಾಗಿ ಪತ್ರ ಬರೆದು, ಕೆಳಗೆ ತನ್ನ ಸಹಿ ಹಾಕಿ, ತಾನೇ ಕೊಟ್ಟು ಬಂದಳು.

"ಕಾಕಾ, ಅಪ್ಪಗ ಹೇಳಬ್ಯಾಡ್ರಿ. ಒಂದೆರಡ ತಿಂಗಳ ಸಿಟ್ಟು ಇರ್ತದ, ಆಮ್ಯಾಲ ನಾನ ಹೇಳ್ತೀನಿ."

ಸಾಠೆ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟುಕೊಂಡಿದ್ದರು. ಎರಡು ತಿಂಗಳು ಹನ್ನೆರಡಾಯಿತು. ಹೇಳುವುದಕ್ಕೆ ಪ್ರತಿ ಭಾನುವಾರವೂ ಒಂದು ಅಡ್ಡಿ ಬಂತು. ಯಾವ ಅಡ್ಡಿಯೂ ದೊಡ್ಡದಿರಲಿಲ್ಲ.

*

ಮೂರು ಗಂಟೆಗೆ ರಂಜನಾ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡಳು. ಕಟ್ಟೆಯ ಮೇಲೆ ಎಲ್ಲ ಅಪ್ಪ ಬಿಟ್ಟ ಹಾಗೇ ಇತ್ತು: ಗಾಜಿನ ಮೇಲೆ ಶಾಯಿ, ರೋಲರು, ಚಮಚ, ಚೂಪಾದ ಉಳಿ. ಲಿನೋಲಿಯಂ ತುಂಡು ಗಡುಸಾಗಿತ್ತು. ಅಪ್ಪನಾದರೆ ರೊಟ್ಟಿಯ ಹಂಚಿನ ಮೇಲೆ ಬಿಸಿ ಮಾಡಿ, ಅವ್ವನಿಂದ ಬೈಸಿಕೊಂಡು, ಮೆತ್ತಗೆ ಮಾಡಿಕೊಳ್ಳುತ್ತಿದ್ದರು. ಒಲೆ ಹಚ್ಚುವಂತಿರಲಿಲ್ಲವಾದ್ದರಿಂದ ಕಿಟಕಿಯ ಬಿಸಿಲಿಗೆ ಹಿಡಿದಳು. ಅಷ್ಟು ಹೊತ್ತೂ ಒಳಗೊಳಗೇ ಅಪ್ಪನನ್ನು ಬೈಯುತ್ತಲೇ ಇದ್ದಳು. ಬಾಯಿ ಬಿಟ್ಟು ಕೇಳಿದ್ದರೆ ಹೇಳುತ್ತಿರಲಿಲ್ಲವೇ? ಯಾರು ಎಂದು ಊರಿಗೆಲ್ಲ ಕೇಳುವ ಬದಲು, ಊಟಕ್ಕೆ ಕೂತಾಗ ಒಂದು ಸಲ ಅವಳನ್ನು ಕೇಳಬಾರದಿತ್ತೇ?

ಅಚ್ಚಿನ ಕೆಲಸ ಅವಳಿಗೆ ಬರದು. ಉಲ್ಟಾ ಬರೆಯುವುದಂತೂ ಸತ್ತರೂ ಬರದು. ಆದರೆ ಉಳಿದದ್ದು ಉಲ್ಟಾ ಕಾಣಬೇಕಾದ ಪದ. ಅಂಥದ್ದನ್ನು ಅಚ್ಚಿನ ಮೇಲೆ ಸುಲ್ಟಾ ಕೆತ್ತಿದರಾಯಿತು. ಇದ್ದದ್ದನ್ನು ಇದ್ದ ಹಾಗೆ.

ದೇವನಾಗರಿಯಲ್ಲಿ ಮೂರು ಅಕ್ಷರ. ಮೊದಲನೆಯದು ಸೊಟ್ಟಗಾಯಿತು. ಎರಡನೆಯದಕ್ಕೆ ಉಳಿ ಜಾರಿ ಹೆಬ್ಬೆರಳು ಕಿತ್ತಿತು. ಗೆರೆ ಸರಿಯಾಗಿ ಬಿತ್ತೋ ಇಲ್ಲವೋ ಕಾಣದಾದಾಗ, ಅಪ್ಪ ಮಾಡುತ್ತಿದ್ದಂತೆ ಚಿಟಿಕೆ ವಿಭೂತಿ ತಂದು ಕೆತ್ತಿದ ಕಡೆ ತಿಕ್ಕಿದಳು. ಕರಿಯ ಹಲಗೆಯ ಮೇಲೆ ಬಿಳಿಯ ಅಕ್ಷರ ಎದ್ದು ನಿಂತವು.

ಬಸವಣ್ಣೆವ್ವ ನೀರಿಗೆಂದು ಒಳಗೆ ಬಂದವರು ಅಲ್ಲೇ ನಿಂತರು.

"ಏನ್ ಕೆತ್ತಾಕತ್ತೀ?"

"ನನ್ನ ಹೆಸರು."

"ನಿನ್ನ ಹೆಸರು ಯಾಕ?"

ರಂಜನಾ ವಿಭೂತಿ ಊದಿದಳು. "ಪತ್ರ ಬರದು ಕೊಟ್ಟಾಕಿ ನಾನ ಅವ್ವಾ. ಸಾಠೆ ಕಾಕಾ ತಡೀತಿದ್ರು. ನಾನ ಬಳಸ್ರಿ ಅಂದೆ. ಏಣಿ ಹತ್ತೂದು ನಿಲ್ಲಲಿ ಅಂತ."

ಬಸವಣ್ಣೆವ್ವ ಕೊಡದ ಮುಚ್ಚಳ ತೆಗೆದರು, ನೀರು ತುಂಬಿಕೊಳ್ಳದೆ ಮುಚ್ಚಿದರು. ಮತ್ತೆ ತೆಗೆದರು.

"ಒಂದ್ ವರ್ಷ," ಎಂದರು. "ಎದುರಾ ಎದುರು ಬಾಗ್ಲಾ. ಆ ಮನಷ್ಯಾನ ಮಾರಿ ಕಂಡ ಕೂಡ್ಲೆ ಧಡ್ ಅಂತ ಹಾಕ್ತಿದ್ನಿ ನಾ. ಅವನ ಹೇಣ್ತಿ ದವಾಖಾನ್ಯಾಗಿದ್ದಾಗ ಒಂದ್ ಗಂಜಿ ಒಯ್ದು ಕೊಡ್ಲಿಲ್ಲ." ಅಪ್ಪ ಕೂತ ಕಡೆ ಕೈ ತೋರಿ ಕೇಳಿದರು, "ಇವರಿಗೆ ಗೊತ್ತಿತ್ತನ?"

"ಗೊತ್ತಿಲ್ಲವ್ವಾ."

"ಅಲ್ಲೆ ಏನ್ ಕೆತ್ತತಿದ್ರು?"

"ಅದೂ ಗೊತ್ತಿಲ್ಲ."

"ಹೇಳಂಗಿಲ್ಲ, ಕೇಳಂಗಿಲ್ಲ. ಅಪ್ಪ ಮಗಳು ಕೂಡಿ ನನ್ನನ್ನ ಕೆಟ್ಟಾಕಿ ಮಾಡಿಟ್ರಿ." ಚೊಂಬನ್ನು ಕಟ್ಟೆಯ ಮೇಲೆ ಕುಕ್ಕಿದರು. "ಈ ಹಾಳಿ ನೀನ ಒಯ್ದು ಕೊಡು ಸಾಠೆಯವರಿಗೆ. ಯಾವ ಮಾರಿ ತಗೊಂಡು ಹೋಗ್ಲಿ ನಾ?" ಬಾಗಿಲವರೆಗೆ ಹೋದವರು ತಿರುಗಿ ನೋಡಿದರು. "ಶಾಯಿ ಅಷ್ಟ್ ಬಳೀಬ್ಯಾಡ. ಹಾಳಿ ಹರೀತದ."

ಆದರೆ ರೋಲರು ಆಡಿಸಿ ಅವಳು ಆಗಲೇ ಅಷ್ಟೂ ಬಳಿದಾಗಿತ್ತು.

*

ಟೆಂಪೋ ತಂದವನು ಹುಲಿಗೆಪ್ಪ, ಕೊಪ್ಪಳದ ಕಡೆಯವನು. ಬೆಳಿಗ್ಗೆ ಮಾರ್ಕೆಟ್ ಯಾರ್ಡಿಗೆ ಚೆಂಡು ಹೂವು ಹಾಕಿ ಬಂದಿದ್ದ. ಹಿಂದಿನ ಹಲಗೆಯ ಮೇಲೆಲ್ಲ ಹಳದಿ ಎಸಳು. "ಕೂಡಿಸ್ಕೊಂಡು ಒಯ್ಯೂದಲ್ರಿ? ನಮ್ಮವರ ಪದ್ಧತಿ ನನಗ ಗೊತ್ತೈತಿ. ಅಲಗಾಡದಂಗ ಹೊಡೀತೀನಿ," ಎಂದ. ಬೆಳಗಿನಿಂದ ಬಸವಪ್ರಭುವಿಗೆ ಸಿಕ್ಕ ಮೊದಲ ಸಮಾಧಾನ ಅದು.

ಕಂಪೌಂಡ್ ಗೋಡೆಗೂ ಟೆಂಪೋಗೂ ನಡುವೆ ಒಬ್ಬರು ಹಾಯುವಷ್ಟೇ ಸಂದಿ. ಅಲ್ಲಿ, ಬಿಳಿ ಗೋಡೆಯ ಪಕ್ಕ, ಹಾರ ಹಿಡಿದುಕೊಂಡು ಸಾಠೆ ಇನ್ನೂ ನಿಂತಿದ್ದರು. ರಂಜನಾ ಹಸಿ ಹಾಳೆಯನ್ನು ಎರಡು ತುದಿ ಹಿಡಿದು ಅವರ ಮುಂದೆ ಚಾಚಿದಳು.

"ನಿಮ್ಮ ಮನೀದು ಕಾಕಾ. ಹೋದ ವರ್ಷದ್ದೂ ಸೇರಿ."

ಸಾಠೆ ಹಾರವನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಂಡು ಹಾಳೆ ಇಸಿದುಕೊಂಡರು. ಇಪ್ಪತ್ತೆರಡು ಪಾಡ್ಯದ ಅಭ್ಯಾಸ. ಕಣ್ಣು ಮೊದಲು ಉಲ್ಟಾ ಪದಕ್ಕೇ ಹೋಯಿತು. ಕನ್ನಡಿಗಾಗಿ ಅತ್ತಿತ್ತ ನೋಡಿದರು.

"ಕಾಯ್ ಲಿಹಿಲಂಯ್?" ಏನು ಬರೆದಿದೆ ಎಂದು ಅವಳನ್ನೇ ಕೇಳಿದರು.

ಅವಳು ಬಾಯಿ ತೆರೆಯುವಷ್ಟರಲ್ಲಿ ವಿಮಾನ ಬಂತು. ಬಿದಿರಿಗೆ ಹೂವು ಸುತ್ತಿ ಕಟ್ಟಿದ ಆ ಕುರ್ಚಿಯಲ್ಲಿ ಶಿವಪುತ್ರಪ್ಪ ಕೂತಿದ್ದರು. ಟೆಂಪೋದ ಹಿಂದಿನ ಹಲಗೆಗೆ ಏರಿಸುವಾಗ ಅಂಬಣ್ಣ ಕಾಕಾರ ಕಾಲು ಧೋತರಕ್ಕೆ ತೊಡರಿತು.

"ಹಿಡೀರಿ, ಹಿಡೀರಿ. ಎಡಕ್ಕ ವಾಲಾಕತ್ತದ," ಎಂದು ಕೂಗಿದ ಬಸವಪ್ರಭು.

ಎಡಕ್ಕೆ ಗೋಡೆ ಇತ್ತು, ಗೋಡೆಯ ಪಕ್ಕ ಸಾಠೆ ಇದ್ದರು. ಮೇಲೆ ಮೆಟ್ಟಿಲಲ್ಲಿ ನಿಂತಿದ್ದ ಬಸವಣ್ಣೆವ್ವನ ಧ್ವನಿ ಎಲ್ಲರನ್ನೂ ದಾಟಿ ಬಂತು. "ಸಾಠೆಯವರ, ಕೈ ಕೊಡ್ರಿ."

ಹಾಳೆ ಇಡಲು ಜಾಗವಿರಲಿಲ್ಲ. ಸಾಠೆ ಅದನ್ನು ಹಸಿ ಶಾಯಿಯ ಮಗ್ಗುಲಿನಿಂದಲೇ ಗೋಡೆಗೆ ಅಂಟಿಸಿ, ಅದರ ಮೇಲೆಯೇ ಬೆನ್ನು ಕೊಟ್ಟು, ಎರಡೂ ಕೈಯಿಂದ ಬಿದಿರು ಹಿಡಿದರು. ಶಿವಪುತ್ರಪ್ಪನವರ ಭಾರವೆಲ್ಲ ಅವರ ಎದೆಯ ಮೇಲೆ ಬಂದು ಒತ್ತಿತು. ಹಣೆಯ ವಿಭೂತಿ ಸಾಠೆಯ ಗಲ್ಲಕ್ಕೆ ಹತ್ತಿತು. ಹುಲಿಗೆಪ್ಪ ಮೇಲಿನಿಂದ ಹಗ್ಗ ಜಗ್ಗುವವರೆಗೆ ಒಂದು ನಿಮಿಷ ಇಬ್ಬರೂ ಹಾಗೇ ಇದ್ದರು.

ಆಮೇಲೆ ಕುರ್ಚಿ ಮೇಲೇರಿತು. ಸಾಠೆ ಉಸಿರು ಬಿಟ್ಟು, ಮಣಿಕಟ್ಟಿನ ಹಾರ ತೆಗೆದು, ತುದಿಗಾಲಲ್ಲಿ ನಿಂತು ಗೆಳೆಯನ ಕೊರಳಿಗೆ ಹಾಕಿದರು. ಅವರ ಹಿಂದೆ ಹಾಳೆ ಮೆಲ್ಲಗೆ ಬಿಚ್ಚಿಕೊಂಡು ನೆಲಕ್ಕೆ ಇಳಿಯಿತು.

"ಅಯ್ಯ, ಇಲ್ನೋಡಿ," ಎಂದರು ಹರಿಣಾಕ್ಷಿ.

ಸಾಠೆ ತಿರುಗಿ ನೋಡಿದರು. ನೋಡಿದವರೇ ಜೇಬಿನಿಂದ ಕರವಸ್ತ್ರ ತೆಗೆದು, ಶಾಯಿ ಆರುವ ಮೊದಲು ಒರೆಸಿಬಿಡಲು ಕೈ ಎತ್ತಿದರು.

"ಬ್ಯಾಡ ಕಾಕಾ," ಎಂದಳು ರಂಜನಾ.

ಬಿಳಿ ಗೋಡೆಯ ಮೇಲೆ ಏಣಿ ಎತ್ತಲೋ ತಿರುಗಿ ನಿಂತಿತ್ತು. ಬಕೀಟು ಆಚೆ ಬದಿಗೆ ಸರಿದಿತ್ತು. ಮೇಲಿನ ಪ್ರಶ್ನೆ ಈಗ ಉಲ್ಟಾ. ಮರಾಠಿಯವರಿಗೂ ಅಂಬಣ್ಣ ಕಾಕಾರಿಗೂ ಒಂದೇ ಥರ ಓದಲು ಬಾರದು. ಕೆಳಗಿನ ಕಪ್ಪು ಪಟ್ಟಿಯಲ್ಲಿ ಮಾತ್ರ, ಗೋಡೆಯದೇ ಬಿಳಿಯಲ್ಲಿ, ಸೊಟ್ಟ ಅಕ್ಷರದ ಒಂದು ಹೆಸರು ಸುಲ್ಟಾ ಬಿದ್ದಿತ್ತು.